ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುವ ವಿದ್ಯೆ

ನಗೆಬರಹ ಬರೆಯುವವನಿಗೆ ಬೆನ್ನುನೋವು ಬಂದರೆ ಯಾರೂ ನಂಬುವುದಿಲ್ಲ. ಹೊಸ ಲೇಖನಕ್ಕೆ ಪೀಠಿಕೆ ಹಾಕುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳಲು ಬಗ್ಗಿದ ನಾನು ಬಗ್ಗಿದಂತೆಯೇ ಉಳಿದುಬಿಟ್ಟೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಏನು ಬಿದ್ದುಹೋಯ್ತು?"

"ಏನೂ ಬಿದ್ದಿಲ್ಲ. ಏಳೋಕಾಗ್ತಿಲ್ಲ."

"ಸರಿ, ಅಲ್ಲೇ ಇರಿ. ಆ ಕಡೆ ಗುಡಿಸಿ ಬರ್ತೀನಿ" ಎಂದು ಹೋದಳು.

ಆದರೆ ಆ ವಾರವೇ ಅವಳು ನನ್ನನ್ನು ಒಂದು ಕಾರ್ಯಾಗಾರಕ್ಕೆ ಸೇರಿಸಿ ಬಂದಿದ್ದಳು. ಬೆನ್ನುನೋವಿಗೂ ಮನಸ್ಸಿನ ಗಾಯಗಳಿಗೂ ಯೋಗ ಚಿಕಿತ್ಸೆ. ಶನಿವಾರ ಮತ್ತು ಭಾನುವಾರ. ನನ್ನ ಮನಸ್ಸಿಗೆ ಗಾಯ ಗೀಯ ಏನೂ ಆಗಿಲ್ಲವಲ್ಲ ಎಂದೆ. "ನನ್ನ ಮನಸ್ಸಿಗೆ ಆಗಿದೆ. ನಿಮ್ಮ ಬೆನ್ನು ಹೇಗೂ ಹೋಗ್ತಿದೆಯಲ್ಲ, ಜೊತೆಗೆ ಅದನ್ನೂ ತೋರಿಸ್ಕೊಂಡು ಬನ್ನಿ" ಎಂದಳು. ನಮ್ಮ ಮನೆಯಲ್ಲಿ ಇಂಥ ಮಾತಿಗೇನೂ ಬರವಿಲ್ಲ. ಅದೂ ಒಂದು ಭಾಗ್ಯ ಎಂದು ನನಗೆ ತಿಳಿದದ್ದು ಆ ಕಾರ್ಯಾಗಾರದಲ್ಲಿ ನನ್ನ ಪಕ್ಕದ ಚಾಪೆಯ ಮೇಲೆ ಮಲಗಿದ್ದ ಮನುಷ್ಯನಿಂದ.

ಕಾರ್ಯಾಗಾರ ನಡೆದದ್ದು ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ, ವಾರದ ಉಳಿದ ದಿನಗಳಲ್ಲಿ ಡ್ಯಾನ್ಸ್ ಕ್ಲಾಸು ನಡೆಯುವ ಹಾಲಿನಲ್ಲಿ. ಒಂದು ಗೋಡೆಯ ತುಂಬ ಕನ್ನಡಿ. ಕುಣಿಯುವ ಎಳೆಯರಿಗೆ ತಮ್ಮನ್ನು ತಾವು ನೋಡಿಕೊಳ್ಳಲು ಹಾಕಿಸಿದ ಕನ್ನಡಿಯಲ್ಲಿ ಅಂದು ನಾವು ಕಂಡೆವು: ಒಬ್ಬೊಬ್ಬರು ಒಂದೊಂದು ಕಡೆಗೆ ವಾಲಿದವರು, ಸೊಂಟಕ್ಕೆ ಬೆಲ್ಟು ಬಿಗಿದವರು, ನೆಲದ ಮೇಲೆ ಕೂರುವ ಮುಂಚೆ ಯಾವುದಾದರೂ ಕಂಬ ಸಿಗುತ್ತದೋ ಎಂದು ಸುತ್ತ ನೋಡುವವರು. ಕೆಳಗೆ ಅಂಗಡಿಯವರು ಫ್ರಿಜ್ಜು ಎಳೆದಾಗಲೆಲ್ಲ ನೆಲ ಗುಂಯ್‌ಗುಟ್ಟಿ ನಮ್ಮ ಬೆನ್ನುಗಳಿಗೆ ಬಿಟ್ಟಿ ಮಸಾಜು ಸಿಗುತ್ತಿತ್ತು.

ಯೋಗದ ಮೇಡಂ ತೆಳ್ಳಗಿನ ಹುಡುಗಿ. ಮಲಗಿದ ಮಗು ಏಳದಂತೆ ಬಾಗಿಲು ಮುಂದೆ ಮಾಡುವವರ ಹಾಗೆ ಅವರ ಮಾತು. ಮೊದಲಿಗೆ ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳಬೇಕು, ದೇಹದಲ್ಲಿ ಎಲ್ಲಿ ನೋವಿದೆ, ಮನಸ್ಸಿನಲ್ಲಿ ಏನಿದೆ, ಎರಡನ್ನೂ ಹೇಳಬೇಕು ಎಂದರು. ಹಲ್ಲಿನ ಡಾಕ್ಟರಮ್ಮ ಒಬ್ಬರು, "ಕುತ್ತಿಗೆ ನೋವು. ಮನಸ್ಸಿನಲ್ಲಿ ಏನೂ ಇಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಮಧ್ಯಾಹ್ನ ಎಲ್ಲರಿಗಿಂತ ಜಾಸ್ತಿ ಅತ್ತವರು ಅವರೇ. ನಾನು ಏನೋ ಒಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಮೇಡಂ ಮಾತ್ರ ಬಹಳ ಕರುಣೆಯಿಂದ ನನ್ನತ್ತ ನೋಡಿ, "ನೋವನ್ನ ನಗುವಿನಲ್ಲಿ ಮುಚ್ಚಿಡೋದು ಬೇಡ" ಎಂದರು. ಇದ್ದ ಒಂದೇ ಕಸುಬೂ ಹೋಯಿತು ಎಂದುಕೊಂಡೆ.

ನನ್ನ ಪಕ್ಕದವರ ಸರದಿ ಬಂತು. ಐವತ್ತು ದಾಟಿದ ಗಟ್ಟಿ ಆಳು, ಇಸ್ತ್ರಿ ಮಾಡಿದ ಅಂಗಿ. ಕತ್ತು ಮಾತ್ರ ಒಂದು ಕಡೆಗೆ ತುಸು ತಿರುಗಿ ಅಲ್ಲೇ ನಿಂತಿತ್ತು.

"ಡ್ರೈವಿಂಗ್ ಸ್ಕೂಲ್‌ನಲ್ಲಿ ಗಾಡಿ ಕಲಿಸ್ತೀನಿ. ನಡು ನೋವು. ದಿನವಿಡೀ ಪಕ್ಕದ ಸೀಟಲ್ಲಿ ಕೂತು ಬ್ರೇಕಿನ ಮೇಲೆ ಕಾಲು ಹಿಡ್ಕೊಂಡೇ ಇರಬೇಕಲ್ಲ, ಅದಕ್ಕೆ ಅಂತ ಡಾಕ್ಟ್ರು ಹೇಳಿದ್ರು."

"ಮನಸ್ಸಿನಲ್ಲಿ?" ಎಂದರು ಮೇಡಂ.

ಅವರು ಎದುರಿನ ಕನ್ನಡಿಯಲ್ಲಿ ತಮ್ಮ ಕಾಲು ನೋಡಿಕೊಂಡರು. "ಮನಸ್ಸಿನಲ್ಲಿ ಅಂತ ಅಲ್ಲ. ಕಾಲಿನಲ್ಲೇ ಇದೆ. ನಾಳೆ ಸಾಯಂಕಾಲ ನಮ್ಮನೆಯವಳು ಕಾರು ತಗೊಂಡು ನನ್ನ ಕರೆದುಕೊಂಡು ಹೋಗೋಕೆ ಇಲ್ಲಿಗೇ ಬರ್ತಾಳೆ. ಅವಳ ಅಕ್ಕನ ಊರಿಗೆ. ಮೂರ್ನಾಲ್ಕು ಗಂಟೆಯ ದಾರಿ. ಅವಳು ಓಡಿಸುವಾಗ ನಾನು ಪಕ್ಕದಲ್ಲಿ ಕೂತು ಕಾಲು ಒತ್ತಬಾರದು, ಬಾಯಿ ಬಿಡಬಾರದು. ಹಾಗಂತ ಕರಾರು. ಅಷ್ಟು ಬಂದ್ರೆ ಸಾಕು ನನಗೆ."

ಈ ಸಲ ಎಲ್ಲರೂ ನಕ್ಕರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅವರಿಗೆ ಮಾತ್ರ ತಾವು ಹೇಳಿದ್ದು ನಗೆಯ ಮಾತೆಂದು ಗೊತ್ತಿದ್ದಂತೆ ಕಾಣಲಿಲ್ಲ. ಆ ಗಳಿಗೆಯಿಂದ ಹಾಲಿನಲ್ಲಿ ಅವರಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಾಯಿತು.

ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿಗೂ ಬೇರೆ ಬ್ರೇಕು ಇರುತ್ತದೆ. ಓಡಿಸುವವರು ಗಾಬರಿಯಲ್ಲಿ ಮರೆತರೆ ಮೇಷ್ಟ್ರು ಒತ್ತುತ್ತಾರೆ. ಮಾಮೂಲಿ ಕಾರಿನಲ್ಲಿ ಅಲ್ಲಿ ಬರೀ ರಬ್ಬರ್ ಮ್ಯಾಟು. ಆದರೆ ಮೇಷ್ಟ್ರ ಕಾಲಿಗೆ ಆ ವ್ಯತ್ಯಾಸ ಹೇಳಿಕೊಡುವವರು ಯಾರು? ಬೆಳಿಗ್ಗೆ ಶವಾಸನದಲ್ಲಿ ಅದು ಬಯಲಾಯಿತು. ಎಲ್ಲರೂ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು, ಕಣ್ಣಿನ ಮೇಲೆ ಬಟ್ಟೆ ಹಾಕಿಕೊಂಡು ಹೆಣದಂತೆ ಮಲಗಿದ್ದೆವು.

"ನೀವು ಒಂದು ನಿರ್ಜನ ದಾರಿಯಲ್ಲಿ ಹೋಗ್ತಿದೀರಿ" ಎಂದರು ಮೇಡಂ. "ಎರಡೂ ಕಡೆ ಮರಗಳು. ದಾರಿ ಇಳಿಜಾರಾಗಿದೆ. ನೀವು ಜಾರ್ತಾ ಇದೀರಿ, ಹಗುರಾಗಿ... ಬಿಟ್ಟುಬಿಡಿ... ಎಲ್ಲಾ ಬಿಟ್ಟುಬಿಡಿ..."

ಪಕ್ಕದಲ್ಲಿ ಧಡ್ ಎಂದಿತು. ಮೇಷ್ಟ್ರ ಕಾಲು ದಿಂಬನ್ನು ಒದ್ದು, ದಿಂಬು ಹೋಗಿ ಡಾಕ್ಟರಮ್ಮನ ತಲೆಗೆ ತಾಗಿತ್ತು.

"ಏನಾಯ್ತು?"

"ಇಳಿಜಾರಲ್ಲಿ ಎಲ್ಲಾ ಬಿಟ್ಟುಬಿಡಿ ಅಂದ್ರಲ್ಲ ಮೇಡಂ" ಎಂದರು ಮೇಷ್ಟ್ರು, ಕಣ್ಣಿನ ಬಟ್ಟೆ ತೆಗೆಯದೆಯೇ. "ಇಳಿಜಾರಲ್ಲಿ ಬಿಡಬಾರದು. ಗೇರಲ್ಲೇ ಇಳಿಸಬೇಕು."

ಮೇಡಂ ದಾರಿಯನ್ನು ಸಮತಟ್ಟು ಮಾಡಿಕೊಟ್ಟರು. ಆಗಲೂ ಆ ಪಾದ ಸುಮ್ಮನಿರಲಿಲ್ಲ. ನಿದ್ದೆಯಲ್ಲಿ ನಾಯಿ ಓಡುವ ಹಾಗೆ ಹೆಬ್ಬೆರಳು ಅದುರುತ್ತಲೇ ಇತ್ತು. ಕಣ್ಣು ಮುಚ್ಚಿರಬೇಕಾದ ನಾನು ಇದನ್ನೆಲ್ಲ ಹೇಗೆ ನೋಡಿದೆ ಎಂದು ಕೇಳಬೇಡಿ. ನನ್ನ ಬೆನ್ನು ವಾಸಿಯಾಗದಿದ್ದರೆ ಅದಕ್ಕೆ ಇದೂ ಒಂದು ಕಾರಣ.

ಮಧ್ಯಾಹ್ನದ ಮೇಲೆ ಮನಸ್ಸಿನ ಪಾಳಿ. ಇಬ್ಬಿಬ್ಬರು ಎದುರುಬದುರಾಗಿ ಮಂಡಿಗೆ ಮಂಡಿ ತಾಗಿಸಿ ಕೂತು, ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡುತ್ತ, ಮನಸ್ಸಿನ ಭಾರ ಹೇಳಿಕೊಳ್ಳಬೇಕು. ಕೇಳುವವರು ನಡುವೆ ಬಾಯಿ ಹಾಕಬಾರದು. ನನಗೆ ಜೋಡಿ ಮೇಷ್ಟ್ರು. ನನಗೆ ಎದುರಿಗಿರುವವರ ಕಣ್ಣು ನೋಡಿದರೆ ಕೆನ್ನೆ ತುರಿಸತೊಡಗುತ್ತದೆ. ಅವರದು ಇನ್ನೂ ಕಷ್ಟ. ನಾನು ಎದುರು ಕೂತ ಕೂಡಲೇ ಅವರ ಕತ್ತು ತಾನಾಗಿಯೇ ಪಕ್ಕಕ್ಕೆ ಹೊರಳಿ, ನನ್ನ ಭುಜದಾಚೆ ಯಾರೋ ಕೂತಿದ್ದಾರೆ ಎಂಬಂತೆ ಅಲ್ಲಿಗೆ ನೋಟ ನೆಟ್ಟಿತು. ಬೆವರಿದರು.

"ಆಗ್ತಿಲ್ಲ ಸಾರ್" ಎಂದರು ಮೆಲ್ಲಗೆ. "ಎದುರಿಗೆ ಕೂತ್ರೆ ಡಿಕ್ಕಿ ಹೊಡೆಯೋಕೆ ಬಂದ ಹಾಗಾಗುತ್ತೆ. ನೀವು ಈ ಕಡೆ ಬರ್ತೀರಾ?"

ನಾನು ಎದ್ದು ಅವರ ಪಕ್ಕಕ್ಕೆ ಹೋಗಿ ಕೂತೆ. ಇಬ್ಬರೂ ಕನ್ನಡಿಯ ಕಡೆ ಮುಖ ಮಾಡಿದೆವು. ಅವರು ಕೂತಲ್ಲೇ ತುಸು ಸರಿದು, ಕನ್ನಡಿಯಲ್ಲಿ ನನ್ನ ಕಣ್ಣು ಸರಿಯಾಗಿ ಕಾಣುವ ಜಾಗ ಹುಡುಕಿಕೊಂಡರು. ಆಮೇಲೆ ಅವರ ಭುಜ ಇಳಿಯಿತು. ಕಾರಿನಲ್ಲಿ ಅವರಿಗೆಂದೇ ಇನ್ನೊಂದು ಪುಟ್ಟ ಕನ್ನಡಿ ಇರುತ್ತದಂತೆ. ಕಲಿಯುವವರ ಕಣ್ಣು ದಾರಿಯ ಮೇಲಿದೆಯೋ ಇಲ್ಲವೋ ಎಂದು ಅದರಲ್ಲೇ ನೋಡಬೇಕು. ಇಷ್ಟು ವರ್ಷದಲ್ಲಿ ಅವರು ಎಷ್ಟೋ ಜನರ ಕಣ್ಣು ನೋಡಿದ್ದಾರೆ. ಆ ಕಣ್ಣುಗಳು ಅವರನ್ನು ನೋಡಿಲ್ಲ. ನೋಡಿದರೆ ಬೈಯಬೇಕಾಗುತ್ತದೆ.

"ನಮ್ಮ ಕೆಲಸ ಹೇಗೆ ಅಂದ್ರೆ ಸಾರ್, ಚೆನ್ನಾಗಿ ಕಲಿಸಿದ್ರೆ ಅವರು ಮತ್ತೆ ಬರೋದೇ ಇಲ್ಲ" ಎಂದರು ಕನ್ನಡಿಯೊಳಗಿನ ನನಗೆ. "ಕೆಟ್ಟದಾಗಿ ಕಲಿತವರೇ ನಾಲ್ಕು ದಿನ ಹೆಚ್ಚು ಜೊತೆಗಿರ್ತಾರೆ. ಪಾಸಾದವರು ಸಿಗ್ನಲ್‌ನಲ್ಲಿ ಪಕ್ಕಕ್ಕೇ ಬಂದು ನಿಂತಿರ್ತಾರೆ. ನಾನು ಗುರುತು ಹಿಡೀತೀನಿ, ಕಣ್ಣು ನೋಡಿದ ಕೂಡಲೇ. ಅವರು ಹೇಗೆ ಹಿಡೀತಾರೆ? ನನ್ನ ಮುಖ ನೋಡೇ ಇಲ್ವಲ್ಲ."

ಕೇಳುವವರು ಬಾಯಿ ಹಾಕಬಾರದು ಎಂಬ ನಿಯಮ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಹೆಂಡತಿಯ ವಿಷಯಕ್ಕೆ ಬಂದರು. ಮಕ್ಕಳಿಲ್ಲ. ಅವರು ಬೆಳಿಗ್ಗೆ ಕಲಿಯುವವರನ್ನು ಕೂರಿಸಿಕೊಂಡು ಹೊರಟರೆ ಕತ್ತಲಾದ ಮೇಲೆ ಬರುವುದು. ದಿನವಿಡೀ ಮಾತಾಡಿ ದಣಿದ ಬಾಯಿ ಮನೆಯಲ್ಲಿ ಊಟಕ್ಕೆ ಬಿಟ್ಟರೆ ತೆರೆಯುತ್ತಿರಲಿಲ್ಲ. ಒಂದು ದಿನ ಆಕೆ, ಊರಿಗೆಲ್ಲ ಕಲಿಸ್ತೀರಿ, ನನಗೂ ಕಲಿಸಿ ಎಂದರಂತೆ. ನಲವತ್ತು ದಾಟಿದ ಹೆಂಗಸು. ಸ್ಕೂಲಿನ ಗಾಡಿ ಬಿಡುವಿದ್ದ ಬೆಳಗುಗಳಲ್ಲಿ ಶುರುವಾಯಿತು.

"ಅವಾಗ ಆಡಿದಷ್ಟು ಮಾತು ನಾವು ಮದುವೆಯಾದ ಮೇಲೆ ಯಾವತ್ತೂ ಆಡಿರಲಿಲ್ಲ ಸಾರ್. ಕ್ಲಚ್ ಬಿಡು, ನಿಧಾನ, ಹಾಂ, ಈಗ ಸರಿ, ಕನ್ನಡಿ ನೋಡು, ಯಾಕೆ ಅವಸರ. ಬೇರೆ ಏನೂ ಇಲ್ಲ, ಇದೇ. ಆದರೆ ಅವಳು ಒಂದು ಹೇಳೋಳು, ನಾನು ಒಂದು ಹೇಳೋನು. ತಿರುವಿನಲ್ಲಿ ಯಾರದೋ ಸೈಕಲ್‌ಗೆ ತಾಗಿಸಿ ಇಬ್ಬರೂ ಬೈಸ್ಕೊಂಡ್ವಿ. ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು."

ಟೆಸ್ಟಿನಲ್ಲಿ ಆಕೆ ಮೊದಲನೇ ಸಲಕ್ಕೇ ಪಾಸಾದರು. ಹಳೆಯದೊಂದು ಕಾರು ತೆಗೆದುಕೊಂಡರು. ಅಲ್ಲಿಂದ ಮುಂದೆ ಮೇಷ್ಟ್ರು ಪಕ್ಕದಲ್ಲಿ ಕೂತಾಗಲೆಲ್ಲ ಕಾಲು ಒತ್ತುತ್ತಿದ್ದರು, ಬ್ರೇಕ್ ಬ್ರೇಕ್ ಎನ್ನುತ್ತಿದ್ದರು. ಇವರಿಗೆ ಅದು ಉಸಿರಾಡಿದ ಹಾಗೆ. ಆಕೆಗೆ ಇನ್ನೂ ಫೇಲಾಗುತ್ತಲೇ ಇದ್ದ ಹಾಗೆ. ಒಂದು ದಿನ ಸೇತುವೆ ದಾಟಿ ಗಾಡಿ ನಿಲ್ಲಿಸಿ, "ನಾನು ಇಳೀಲಾ, ನೀವು ಇಳೀತೀರಾ?" ಎಂದು ಕೇಳಿದರು. ಮೇಷ್ಟ್ರು ಇಳಿದರು. ಬಸ್ಸು ಹಿಡಿದು ಮನೆಗೆ ಬಂದರು.

"ಆವತ್ತು ಜಗಳ ಆಯ್ತೇ?" ಎಂದು ನಾನು ನಿಯಮ ಮುರಿದೆ.

"ಎಲ್ಲಿ ಬಂತು ಸಾರ್ ಜಗಳ? ಜಗಳ ಆಗಿದ್ರೆ ರಾಜಿ ಆಗಬಹುದಿತ್ತು."

ಅದಾದ ಮೇಲೆ ಆಕೆಯ ಅಕ್ಕ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಳ್ಳಲು ಹೋದ ಆಕೆ ಅಲ್ಲಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿಕೊಂಡರು. ಅಕ್ಕ ಈಗ ದಿಬದಿಬ ಓಡಾಡುತ್ತಾರೆ. ತಂಗಿ ವಾಪಸು ಬಂದಿಲ್ಲ. ಯಾಕೆಂದು ಇವರು ಕೇಳಿಲ್ಲ, ಅವರು ಹೇಳಿಲ್ಲ. ಹೋದ ವಾರ ಫೋನು ಬಂತು: "ಒಂದು ನಾಲ್ಕು ದಿನ ಬಂದು ಇದ್ದು ಹೋಗಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಕಾಲು ಒತ್ತಬಾರದು, ಬಾಯಿ ಬಿಡಬಾರದು. ದಾರೀಲಿ ನೆಟ್ಟಗೆ ಹೋದ್ರೆ ನಾನು ವಾಪಸ್ ಬರೋ ವಿಷಯ ಮಾತಾಡೋಣ."

ಕನ್ನಡಿಯಲ್ಲಿ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. "ಮೂರ್ನಾಲ್ಕು ಗಂಟೆ ಸಾರ್. ನನ್ನ ಕೈಲಿ ಆಗುತ್ತಾ?"

ಆಗ ಮೇಡಂ ಗಂಟೆ ಬಾರಿಸಿದರು. ಈಗ ನನ್ನ ಭಾರ ಹೇಳುವ ಸರದಿ. ಬರೆಯಲು ಕೂರುವ ನನ್ನ ಕುರ್ಚಿಯ ಬಗ್ಗೆ ಏನೋ ಹೇಳಿದೆ. ಮೇಷ್ಟ್ರು ಗಂಭೀರವಾಗಿ ಕೇಳಿ, ಸೀಟು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ ಎಂದರು.

ಭಾನುವಾರ ಬರುವಷ್ಟರಲ್ಲಿ ಮೇಷ್ಟ್ರ ಕಾಲು ಇಡೀ ಹಾಲಿನ ಆಸ್ತಿಯಾಗಿತ್ತು. ಬೆಳಗಿನ ಆಸನಗಳು ಮುಗಿದ ಮೇಲೆ ಮೇಡಂ ಅವರ ತೊಡೆಯ ಮೇಲೆ ಮರಳಿನ ಚೀಲ ಹೇರಿ, ಪಾದದ ನರಗಳನ್ನೆಲ್ಲ ಸಡಿಲಿಸುವ ಉಸಿರಾಟ ಕಲಿಸಿದರು. ಮಲಗಿದಾಗ ಕಾಲು ನಿಂತಿತು. ಕೂತಾಗ ಮತ್ತೆ ಎದ್ದಿತು.

"ಕಾರಿಲ್ಲದೆ ಇದು ಆಗಲ್ಲ" ಎಂದರು ಡಾಕ್ಟರಮ್ಮ. "ಹಲ್ಲು ಕೀಳೋದನ್ನ ಹಲ್ಲಿಲ್ಲದೆ ಕಲಿಯೋಕಾಗುತ್ತಾ?"

ಹಾಗೆ ಹಾಲಿನ ನಡುವೆ ಒಂದು ಕಾರು ತಯಾರಾಯಿತು. ಎರಡು ಪ್ಲಾಸ್ಟಿಕ್ ಕುರ್ಚಿ ಮುಂದೆ, ಎರಡು ಹಿಂದೆ. ಡ್ಯಾನ್ಸಿನವರ ಬಳೆಯಂಥ ದೊಡ್ಡ ರಿಂಗೊಂದು ಸ್ಟೀರಿಂಗು. ಯಾರು ಓಡಿಸುವುದು ಎಂದಾಗ ಎಲ್ಲರೂ ನನ್ನತ್ತ ನೋಡಿದರು. ನಾನು ನಿಜವಾದ ಕಾರನ್ನೇ ಹೇಗೆ ಓಡಿಸುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ಮೇಷ್ಟ್ರು ನನ್ನ ಪಕ್ಕ ಬಂದು, ಇಲ್ಲದ ಬೆಲ್ಟನ್ನು ಎಳೆದು ಹಾಕಿಕೊಂಡು ಕೂತರು.

"ಎಷ್ಟು ಸಾಧ್ಯವೋ ಅಷ್ಟು ಕೆಟ್ಟದಾಗಿ ಓಡಿಸಿ" ಎಂದರು ಮೇಡಂ ನನಗೆ. "ನೀವು ಸುಮ್ಮನೆ ಉಸಿರಾಡಿ" ಎಂದರು ಅವರಿಗೆ.

ಕೆಟ್ಟದಾಗಿ ಮಾಡಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಯಲ್ಲೇ ಗೇರು ಬದಲಿಸುತ್ತ, ಬುರ್ರೆನ್ನುತ್ತ ಹೊರಟೆ. ಡಾಕ್ಟರಮ್ಮ ಸೈಕಲ್ ಸವಾರರಾಗಿ ಅಡ್ಡ ಬಂದರು. ಮೇಷ್ಟ್ರ ಕಾಲು ನೆಲಕ್ಕೆ ಅಪ್ಪಳಿಸಿತು. ಕೆಳಗಿನ ಅಂಗಡಿಯಿಂದ ಯಾರೋ ಏನೋ ಕೂಗಿದರು.

"ಮತ್ತೊಮ್ಮೆ."

ಮತ್ತೊಮ್ಮೆ. ಈ ಸಲ ಕಾಲು ತಡೆದರು, ಆದರೆ ಬಾಯಿ ಜಾರಿತು: "ಹಾರನ್ ಆದ್ರೂ ಹೊಡೀರಿ ಸಾರ್."

"ಮಾತಿಲ್ಲ, ಮಾತಿಲ್ಲ" ಎಂದರು ಹಿಂದಿನ ಸೀಟಿನವರು.

ನಾನು ಕೆಂಪು ದೀಪ ದಾಟಿದೆ. ಇಂಡಿಕೇಟರು ಹಾಕದೆ ತಿರುಗಿದೆ. ಎರಡು ಕೈಯನ್ನೂ ಬಿಟ್ಟು ಮೂಗು ಒರೆಸಿಕೊಂಡೆ. ಮೇಷ್ಟ್ರ ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಕಚ್ಚಿಕೊಂಡಿದ್ದರು, ತೊಡೆಯ ಸ್ನಾಯು ಪ್ಯಾಂಟಿನೊಳಗೆ ಹಗ್ಗದಂತೆ ಬಿಗಿದಿತ್ತು. ಪಾದ ಮಾತ್ರ ನೆಲದ ಮೇಲೆ ಅಲ್ಲೇ ಇತ್ತು. ಕೊನೆಗೆ ನಾನು ಇಡೀ ಕಾರನ್ನು ಕನ್ನಡಿಗೆ ಗುದ್ದುವ ಹಾಗೆ ತೆಗೆದುಕೊಂಡು ಹೋದೆ. ಅವರು ಕಣ್ಣು ಮುಚ್ಚಿದರು. ಮಾತಾಡಲಿಲ್ಲ. ಕಾಲು ಏಳಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣೊರೆಸಿಕೊಂಡರು. ಮೇಷ್ಟ್ರು ಎದ್ದು ನಿಂತು ಸೊಂಟ ತಿರುಗಿಸಿ ನೋಡಿ, "ನೋವೂ ಕಮ್ಮಿಯಾಗಿದೆ" ಎಂದರು, ತಮಗೇ ನಂಬಿಕೆ ಬರದವರಂತೆ. ನನಗೂ ಹೆಮ್ಮೆಯಾಯಿತು. ನಾನು ಕೆಟ್ಟದಾಗಿ ಮಾಡಿದ ಕೆಲಸದಿಂದ ಒಬ್ಬರಿಗೆ ಒಳ್ಳೆಯದಾದದ್ದು ಅದೇ ಮೊದಲು.

ಸಾಯಂಕಾಲ ಎಲ್ಲರೂ ಮೆಟ್ಟಿಲಿಳಿದು ಹೋದರು. ನಾನು ಮಾತ್ರ ಮೇಷ್ಟ್ರ ಜೊತೆ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ನಿಂತೆ. ಅವರು ಕೈಯಲ್ಲಿ ಒಂದು ಬ್ಯಾಗು ಹಿಡಿದಿದ್ದರು, ಹೊಸ ಅಂಗಿ ಹಾಕಿದ್ದರು. ತಿಳಿನೀಲಿ ಕಾರೊಂದು ಬಂದು, ಎರಡು ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ಹಿಮ್ಮುಖವಾಗಿ ಸೇರಿ ನಿಂತಿತು. ನಾನು ಹಾಗೆ ನಿಲ್ಲಿಸಬೇಕಾದರೆ ದಾರಿಹೋಕರ ಒಂದು ಸಮಿತಿಯೇ ಬೇಕು.

ಕಿಟಕಿಯ ಗಾಜು ಇಳಿಯಿತು. ಎತ್ತಿ ಕಟ್ಟಿದ ಕೂದಲು, ಮುಖದಲ್ಲಿ ದೂರದಿಂದ ಗಾಡಿ ಓಡಿಸಿಕೊಂಡು ಬಂದ ದಣಿವು.

"ಬೆನ್ನು ಹೇಗಿದೆ?"

"ಪರವಾಗಿಲ್ಲ."

"ಕಾಲು?"

"ಅದೂ ಪರವಾಗಿಲ್ಲ."

ಆಕೆ ನನ್ನ ಕಡೆ ನೋಡಿ, "ನಿಮಗೂ ಬ್ರೇಕ್ ಹಾಕಿಸಿದ್ರಾ ಇವರು?" ಎಂದರು. ಆ ಮಾತಿನಲ್ಲಿ ಕಹಿಯಿರಲಿಲ್ಲ. ನಿಮ್ಮ ಯಜಮಾನರು ನಮ್ಮಲ್ಲೆಲ್ಲ ಫಸ್ಟ್ ಕ್ಲಾಸ್ ಎಂದೆ. ಮೇಷ್ಟ್ರು ಬ್ಯಾಗನ್ನು ಹಿಂದಿಟ್ಟು, ಮುಂದೆ ಕೂತು, ಬೆಲ್ಟು ಹಾಕಿಕೊಂಡು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡರು, ಪರೀಕ್ಷೆಗೆ ಕೂತ ಹುಡುಗನ ಹಾಗೆ. ಕಾರು ಹೋಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಕೇಳಿ, "ನೀವೂ ಸ್ವಲ್ಪ ಕಲೀಬಹುದಿತ್ತು" ಎಂದಳು.

"ಏನನ್ನ?"

"ಬಾಯಿ ಮುಚ್ಚಿಕೊಂಡಿರೋದನ್ನ."

ಒಂದೆರಡು ತಿಂಗಳ ನಂತರ ಮೇಡಂ ಎಲ್ಲರನ್ನೂ ಮತ್ತೆ ಒಂದು ಬೆಳಿಗ್ಗೆ ಕರೆದರು, ಯಾರ್ಯಾರಿಗೆ ಎಷ್ಟೆಷ್ಟು ಗುಣವಾಗಿದೆ ನೋಡಲು. ಡಾಕ್ಟರಮ್ಮನ ಕುತ್ತಿಗೆ ಹಾಗೆಯೇ ಇತ್ತು, ಆದರೆ ಅಳು ಚೆನ್ನಾಗಿ ಬರುತ್ತಿದೆ ಎಂದರು. ನನ್ನ ಬೆನ್ನಿನ ಬಗ್ಗೆ ನಾನು ಅಭ್ಯಾಸ ಮಾಡಿದಷ್ಟೇ ಗುಣವಾಗಿದೆ ಎಂದು ಪ್ರಾಮಾಣಿಕವಾಗಿ ಹೇಳಿದೆ. ಮೇಷ್ಟ್ರು ಎದ್ದು ನಿಂತರು. ನೆಟ್ಟಗೆ ನಿಂತಿದ್ದರು.

"ನಡು ನೋವು ಮುಕ್ಕಾಲು ಹೋಗಿದೆ. ಕಾಲೂ ನಿಂತಿದೆ. ಸ್ಕೂಲಿನ ಗಾಡಿಯಲ್ಲಿ ಮಾತ್ರ ಒತ್ತೋದು, ಬೇರೆ ಕಡೆ ಇಲ್ಲ."

"ಆ ಪ್ರಯಾಣ?" ಎಂದು ಕೇಳಿದವರು ಮೇಡಂ. ಎಲ್ಲರೂ ಅದಕ್ಕೇ ಕಾದಿದ್ದರು.

"ಒಂದು ಸಲವೂ ಕಾಲು ಎತ್ತಲಿಲ್ಲ. ಒಂದು ಮಾತೂ ಆಡಲಿಲ್ಲ. ಮನೆ ಬಾಗಿಲವರೆಗೆ."

ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿ. ಅವರು ಎಲ್ಲರಿಗೂ ಕೈ ಮುಗಿದು ಕೂತರು. ಮುಗಿದ ಮೇಲೆ ಇಳಿಯುವಾಗ ನೋಡಿದರೆ ಮೆಟ್ಟಿಲಿನ ತಿರುವಿನಲ್ಲಿ ಒಬ್ಬರೇ ಕೂತು ಶೂ ಹಾಕಿಕೊಳ್ಳುತ್ತಿದ್ದರು. ನಾನೂ ಅದೇ ಮೆಟ್ಟಿಲಿನ ಮೇಲೆ, ಅವರ ಪಕ್ಕ ಕೂತೆ.

"ಹಾಗಾದ್ರೆ ಮನೆಯವರು ಬಂದ್ರಾ ಮೇಷ್ಟ್ರೇ?"

"ಇಲ್ಲ ಸಾರ್." ಅವರು ಲೇಸು ಬಿಗಿದರು. "ನಾನು ನಾಲ್ಕು ದಿನ ಇದ್ದು ಟ್ರೈನಲ್ಲಿ ವಾಪಸ್ ಬಂದೆ."

"ದಾರೀಲಿ ನೆಟ್ಟಗೆ ಹೋದ್ರೆ ಮಾತಾಡೋಣ ಅಂದಿದ್ರಲ್ಲ?"

"ನೆಟ್ಟಗೇ ಹೋದ್ವಿ. ಚೆನ್ನಾಗಿ ಓಡಿಸ್ತಾಳೆ. ಊರು ದಾಟೋವರೆಗೆ ಅವಳೇ ಏನೇನೋ ಹೇಳ್ತಿದ್ಲು, ಆಸ್ಪತ್ರೆ ವಿಷಯ, ಅಕ್ಕನ ವಿಷಯ. ನಾನು ಹೂಂ ಕೂಡ ಅನ್ನಲಿಲ್ಲ. ಒಂದು ಸಲ ಹೂಂ ಅಂದ್ರೆ ಅದರ ಹಿಂದೆಯೇ ನಿಧಾನ ಅಂತ ಬಂದುಬಿಡುತ್ತೆ ಅಂತ ಭಯ. ಬರೀ ಉಸಿರಾಡ್ತಾ ಕೂತೆ, ಮೇಡಂ ಹೇಳಿದ ಹಾಗೆ. ಆಮೇಲೆ ಅವಳೂ ಸುಮ್ಮನಾದಳು."

ಮೇಲಿನಿಂದ ಯಾರೋ ಇಳಿದು ಬಂದರು. ನಾವಿಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟೆವು.

"ಅವಳ ಅಕ್ಕನ ಊರಿಗೆ ಮುಂಚೆ ಒಂದು ದಿಬ್ಬ ಇದೆ ಸಾರ್. ಕಡಿದಾದ್ದು. ಅದನ್ನ ಮೂರನೇ ಗೇರಲ್ಲಿ ಹತ್ತಿಸಿದಳು. ಗಾಡಿ ಗೋಳಾಡ್ತಿದೆ, ನಡುಗ್ತಿದೆ, ಇನ್ನೇನು ನಿಂತೇಹೋಗುತ್ತೆ. ಅವಳಿಗೆ ಗೊತ್ತಿಲ್ವಾ? ದಿಬ್ಬ ಬಂದ್ರೆ ಎರಡನೇ ಗೇರಿಗೆ ಇಳಿಸು ಅಂತ ಕಲಿತ ಮೊದಲ ವಾರದಲ್ಲೇ ಬಂದುಬಿಟ್ಟಿತ್ತು ಅವಳಿಗೆ. ನಾನು ನಾಲಿಗೆ ಕಚ್ಚಿ ಹಿಡ್ಕೊಂಡೆ. ಅವಳು ಒಂದು ಸಲ ತಿರುಗಿ ನನ್ನ ನೋಡಿದಳು. ಗಾಡಿ ಓಡಿಸುವಾಗ ಪಕ್ಕಕ್ಕೆ ತಿರುಗಬಾರದು, ಅದೂ ಗೊತ್ತು ಅವಳಿಗೆ. ನಾನು ಮುಂದೆಯೇ ನೋಡ್ತಾ ಕೂತೆ. ಆಮೇಲೆ ಅವಳೇ ಎರಡಕ್ಕೆ ಹಾಕಿದಳು."

ನನಗೆ ಆ ಪ್ಲಾಸ್ಟಿಕ್ ಕುರ್ಚಿಗಳ ಕಾರು ಕಣ್ಣಿಗೆ ಬಂತು. ಎಷ್ಟು ಚೆನ್ನಾಗಿ ಕೆಟ್ಟದಾಗಿ ಓಡಿಸಿದ್ದೆ ನಾನು.

"ಮನೆ ಮುಂದೆ ಗಾಡಿ ನಿಲ್ಲಿಸಿ, ಯಾರನ್ನೋ ಬಾಡಿಗೆಗೆ ಕೂರಿಸ್ಕೊಂಡು ಬಂದ ಹಾಗಿತ್ತು ಅಂದಳು. ಅಷ್ಟೇ. ನನಗೆ ಆಗಲೂ ಹೊಳೀಲಿಲ್ಲ ಸಾರ್. ಕರಾರು ಉಳಿಸ್ಕೊಂಡೆ, ಇನ್ನು ಮಾತಾಡ್ತಾಳೆ ಅಂತ ನಾಲ್ಕು ದಿನ ಕಾದೆ. ಅವಳು ಕೆಲಸಕ್ಕೆ ಹೋಗೋದು, ಬರೋದು. ಅವಳ ಅಕ್ಕ ನನಗೆ ಟಿವಿ ಹಾಕಿಕೊಡೋದು. ವಾಪಸ್ ಬರುವಾಗ ಟ್ರೈನಲ್ಲಿ ಆ ದಿಬ್ಬದ ಪಕ್ಕದಲ್ಲೇ ಹಳಿ ಹೋಗುತ್ತೆ. ಅಲ್ಲಿ ಬಂದಾಗ ಗೊತ್ತಾಯ್ತು. ಆ ಮೂರನೇ ಗೇರಲ್ಲಿ ನನ್ನ ಒಂದು ಮಾತು ಕೇಳ್ತಿದ್ಲು ಅವಳು."

ಮೇಷ್ಟ್ರು ಹೇಳಿದ ಧಾಟಿಯಲ್ಲಿ ದೂರಿರಲಿಲ್ಲ. ಟೆಸ್ಟಿನಲ್ಲಿ ಯಾರು ಎಲ್ಲಿ ತಪ್ಪಿದರು ಎಂದು ಹೇಳುವ ದನಿಯೇ ಅದು.

ಇಂಥ ಕಡೆ ಸುಮ್ಮನಿರುವುದು ನನಗೆ ಬಾರದ ವಿದ್ಯೆ. "ಈಗ ಫೋನ್ ಮಾಡಿ ಹೇಳಿಬಿಡಿ ಮೇಷ್ಟ್ರೇ" ಎಂದೆ. "ದಿಬ್ಬದಲ್ಲಿ ಎರಡನೇ ಗೇರು ಹಾಕಬೇಕಿತ್ತು ಅಂತ ಬೈದುಬಿಡಿ."

ಅವರು ಸ್ವಲ್ಪ ನಕ್ಕರು. ಜೇಬಿನಿಂದ ಫೋನು ತೆಗೆದರು. ಹೆಂಡತಿಯ ಹೆಸರಿನ ಮೇಲೆ ಹೆಬ್ಬೆರಳು ಹೋಗಿ ನಿಂತಿತು. ಬೀದಿಯಲ್ಲಿ ಸ್ಕೂಲಿನ ಕಾರು ಕಾಯುತ್ತಿತ್ತು. ಕಲಿಯಲು ಬಂದ ಹೆಂಗಸೊಬ್ಬರು ಆಗಲೇ ಸ್ಟೀರಿಂಗು ಬಿಗಿಯಾಗಿ ಹಿಡಿದು, ನಿಂತ ಗಾಡಿಯಲ್ಲೇ ನೇರ ಮುಂದೆ ನೋಡುತ್ತ ಕೂತಿದ್ದರು.

ಮೇಷ್ಟ್ರು ಗಡಿಯಾರ ನೋಡಿಕೊಂಡರು.

"ಇದು ಅವಳು ಕೆಲಸಕ್ಕೆ ಹೋಗೋ ಹೊತ್ತು. ಗಾಡಿ ಓಡಿಸ್ತಿರ್ತಾಳೆ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದರು. "ಓಡಿಸುವಾಗ ಫೋನ್ ಎತ್ತಬಾರದು ಸಾರ್. ನಾನೇ ಹೇಳಿಕೊಟ್ಟಿದ್ದು."